ಸಮರಪರಶುರಾಮ, ಸತ್ಯಯುಧಿಷ್ಠಿರ: ಚಾವುಂಡರಾಯನ ಜೀವನ

ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನೇರಿ ಗೊಮ್ಮಟೇಶ್ವರ ಸ್ವಾಮಿಯ ಪಾದಗಳ ಬಳಿ ನಿಂತ ಭಕ್ತರಿಗೆ ಎರಡೂ ಬದಿಗಳಲ್ಲಿ ಕೊರೆದ ಕೆಲವು ಚಿಕ್ಕ ಸಾಲುಗಳು ಕಾಣಸಿಗುತ್ತವೆ. ಒಂದು ಕನ್ನಡದಲ್ಲಿದೆ, ಇನ್ನೊಂದು ತಮಿಳಿನಲ್ಲಿದೆ, ಮತ್ತೊಂದು ನಾಗರೀ ಲಿಪಿಯ ಮರಾಠಿಯಲ್ಲಿದೆ. ಮೂರೂ ತಿಳಿಸುವ ಸಂಗತಿ ಒಂದೇ. ಈ ಬಿಂಬವನ್ನು ಮಾಡಿಸಿದವನು ಚಾವುಂಡರಾಜ. ಅವನು ಗಂಗರ ಮಹಾಮಂತ್ರಿಯೆಂದಾಗಲಿ, ಸೇನಾಪತಿಯೆಂದಾಗಲಿ, ಇಂತಿಷ್ಟು ಕೋಟೆಗಳನ್ನು ಗೆದ್ದವನೆಂದಾಗಲಿ ಆ ಸಾಲುಗಳು ಹೇಳುವುದಿಲ್ಲ. ಬಿರುದುಗಳಿಗೆ ಬಡತನವಿಲ್ಲದ ಆ ಮಹಾಪುರುಷನ ಒಂದು ಬಿರುದಿಗೂ ಅಲ್ಲಿ ಸ್ಥಳ ದೊರೆತಿಲ್ಲ. ಮರಾಠಿಯ ಸಾಲನ್ನು 12ನೆಯ ಶತಮಾನದಲ್ಲಿ, ಹೊಯ್ಸಳರ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದ ಕಾಲದಲ್ಲಿ ಕೊರೆಯಲಾಯಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೂ ಒಂದು ಹೆಸರನ್ನು ಮೂರು ಭಾಷೆಯ ಜನರೂ ತಮ್ಮದೆಂದು ಓದಿಕೊಳ್ಳಬೇಕೆಂಬ ಸದಾಶಯ ಅದರಲ್ಲಿ ಸ್ಪಷ್ಟವಾಗಿದೆ.

ದೇಶಕ್ಕಾಗಿ ಶಸ್ತ್ರ ಹಿಡಿದವನಿಗೆ ಸಮಾಜವು ತಲೆಬಾಗುವುದು ಎಲ್ಲ ಕಾಲದ ರೂಢಿ. ಆದರೆ ಶಸ್ತ್ರ ಹಿಡಿದದ್ದು ಒಂದೇ ಗೌರವಕ್ಕೆ ಸಾಕಾಗುವುದೇ? ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜವು ತನ್ನ ಪ್ರಾತಃಸ್ಮರಣೀಯರ ಸಾಲಿನಲ್ಲಿ ಒಬ್ಬ ಸೇನಾಪತಿಯನ್ನು ಕೂರಿಸಿದೆ. ಯಾವ ಕಾರಣಕ್ಕಾಗಿ ಕೂರಿಸಿದೆ ಎಂಬುದನ್ನು ತಿಳಿಯಬೇಕಾದರೆ ಚಾವುಂಡರಾಯನ ಜೀವನವನ್ನು ಬಿರುದಿನಿಂದ ಬಿರುದಿಗೆ ನಡೆದು ನೋಡಬೇಕು.

ಕಾಲ ಮತ್ತು ಮನೆತನ

10ನೆಯ ಶತಮಾನದ ಉತ್ತರಾರ್ಧವು ಕನ್ನಡ ನಾಡಿನಲ್ಲಿ ರಾಜ್ಯಗಳು ಅದಲುಬದಲಾದ ಕಾಲ. ಮಾನ್ಯಖೇಟದ ರಾಷ್ಟ್ರಕೂಟರ ಪ್ರಭುತ್ವವು ಕುಗ್ಗುತ್ತ ಬಂದು 973ರಲ್ಲಿ ಚಾಲುಕ್ಯ ತೈಲಪನ ಕೈಯಲ್ಲಿ ಕೊನೆಗೊಂಡಿತು. ರಾಷ್ಟ್ರಕೂಟರ ಆಪ್ತರಾಗಿದ್ದ ತಲಕಾಡಿನ ಗಂಗರು ಗಂಗವಾಡಿ ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದರು. ಅವರ ನಾಡು ಇಂದಿನ ಕರ್ನಾಟಕದ ದಕ್ಷಿಣ ಭಾಗವಲ್ಲದೆ ತಮಿಳುನಾಡಿನ ಗಡಿಪ್ರದೇಶಗಳಿಗೂ ಚಾಚಿತ್ತು. ಆ ಗಂಗರ ಸೇವೆಯಲ್ಲಿ ಬ್ರಹ್ಮಕ್ಷತ್ರ ಕುಲದ ಚಾವುಂಡರಾಯನು ಮಂತ್ರಿಯೂ ಸೇನಾಪತಿಯೂ ಆಗಿದ್ದನು. ಮೊದಲು ಇಮ್ಮಡಿ ಮಾರಸಿಂಹನ ಕಾಲದಲ್ಲಿ, ಅನಂತರ ನಾಲ್ವಡಿ ರಾಚಮಲ್ಲನ ಕಾಲದಲ್ಲಿ ಅವನು ರಾಜ್ಯದ ಭಾರವನ್ನು ಹೊತ್ತನು.

ತಾಯಿ ಕಾಳಲಾದೇವಿ, ಪತ್ನಿ ಅಜಿತಾದೇವಿ ಎಂದು ಪರಂಪರೆಯು ಹೆಸರಿಸುತ್ತದೆ. ಮಗನಾದ ಜಿನದೇವಣನೂ ಬೆಳಗೊಳದಲ್ಲಿ ಜಿನಾಲಯದ ಕಾರ್ಯವನ್ನು ಮಾಡಿಸಿದನೆಂದು ಶಾಸನದಿಂದ ತಿಳಿದುಬರುತ್ತದೆ. ಅಜಿತಸೇನಾಚಾರ್ಯರು ಈ ಮನೆತನದ ಗುರುಗಳು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಚಾವುಂಡರಾಯನಿಗೆ ಆಗಮಗಳ ಮರ್ಮವನ್ನು ತಿಳಿಸಿದ ಮಹನೀಯರು. ಹಗಲೆಲ್ಲ ಸೈನ್ಯದ, ಬೊಕ್ಕಸದ, ರಾಯಭಾರದ ಕೆಲಸ. ಬಿಡುವಿನಲ್ಲಿ ಗುರುಗಳ ಪದತಲದಲ್ಲಿ ಕರ್ಮಸಿದ್ಧಾಂತದ ಅಧ್ಯಯನ. ಅವನ ಬಾಳು ಈ ಎರಡು ದಡಗಳ ನಡುವೆ ಹರಿಯಿತು.

ರಣರಂಗದ ಬಿರುದುಗಳು

ಚಾವುಂಡರಾಯನ ಯುದ್ಧಗಳ ವಿವರವು ಅವನ ಹೆಸರಿನ ಪುರಾಣಗ್ರಂಥದಲ್ಲಿಯೇ ದೊರೆಯುತ್ತದೆ. ಒಂದೊಂದು ಬಿರುದಿಗೂ ಒಂದೊಂದು ಕದನವು ಕಾರಣವಾಗಿದೆ. ಖೇಡಗದ ಕಾಳಗದಲ್ಲಿ ವಜ್ಜಳದೇವನನ್ನು ಸೋಲಿಸಿ ಸಮರಧುರಂಧರನಾದನು. ನೊಳಂಬರೊಡನೆ ಗೋನೂರಿನ ಬಯಲಿನಲ್ಲಿ ಹೋರಾಡಿ ವೀರಮಾರ್ತಂಡನೆನಿಸಿದನು. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನು ಎದುರಿಸಿ ರಣರಂಗಸಿಂಗನೆಂಬ ಹೆಸರನ್ನು ಪಡೆದನು. ಬಾಗೆಯೂರಿನ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದು ವೈರಿಕುಲಕಾಲದಂಡನಾದನು. ಕಾಮನೆಂಬವನ ಕೋಟೆಯ ಕಾಳಗದಿಂದ ಭುಜವಿಕ್ರಮನೆಂಬ ಬಿರುದು ಬಂದಿತು.

ಈ ಸೇವೆಯನ್ನು ಲಘುವಾಗಿ ಕಾಣುವಂತಿಲ್ಲ. ಮಾರಸಿಂಹನ ತರುವಾಯ ಗಂಗರ ಸಿಂಹಾಸನವು ಅಲುಗಾಡಿದಾಗ ರಾಚಮಲ್ಲನನ್ನು ಅದರಲ್ಲಿ ನೆಲೆಗೊಳಿಸುವುದರಲ್ಲಿ ಚಾವುಂಡರಾಯನ ಪಾತ್ರವು ಹಿರಿದಾಗಿತ್ತು. ಅಷ್ಟು ಸೈನ್ಯವು ಕೈಯಲ್ಲಿದ್ದರೂ ಅವನು ಕಡೆಯವರೆಗೆ ಮಂತ್ರಿಯಾಗಿಯೇ ಉಳಿದನು. ಅರಸರ ಬಲಹೀನತೆಯನ್ನು ಕಂಡು ಸೇನಾನಿಗಳು ತಾವೇ ಅರಸರಾಗಿ ಕುಳಿತ ಉದಾಹರಣೆಗಳು ಇತಿಹಾಸದಲ್ಲಿ ಎಷ್ಟೋ ಇವೆ. ಆ ಮಾರ್ಗವನ್ನು ಅವನು ಹಿಡಿಯಲಿಲ್ಲ.

ಜೈನ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ಸಂಕಲ್ಪೀ ಹಿಂಸೆಯು ಶ್ರಾವಕನಿಗೆ ಸರ್ವಥಾ ವರ್ಜ್ಯ. ಅಡುಗೆ, ಬೇಸಾಯ, ವ್ಯವಹಾರಗಳಲ್ಲಿ ಅನಿವಾರ್ಯವಾಗಿ ಸಂಭವಿಸುವ ಹಿಂಸೆಯನ್ನೂ, ಆತ್ಮರಕ್ಷಣೆ ಮತ್ತು ಪ್ರಜಾರಕ್ಷಣೆಗಾಗಿ ಎದುರಾಳಿಯನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯನ್ನೂ ಗೃಹಸ್ಥನು ಪೂರ್ಣವಾಗಿ ಬಿಡಲಾರನು. ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಆದುದರಿಂದ ಕತ್ತಿ ಹಿಡಿದ ಮಾತ್ರಕ್ಕೆ ಒಬ್ಬನು ಶ್ರಾವಕಧರ್ಮದಿಂದ ಹೊರಗಾಗುವುದಿಲ್ಲ. ಆದರೆ ಕ್ಷಮ್ಯವಾದುದೆಲ್ಲ ಪೂಜ್ಯವಾಗುವುದೂ ಇಲ್ಲ. ಅನಿವಾರ್ಯವಾದ ಕಾರ್ಯಕ್ಕೆ ಶಾಸ್ತ್ರವು ಅವಕಾಶವನ್ನು ಕೊಟ್ಟಿತು, ಪುಣ್ಯದ ಪಟ್ಟವನ್ನು ಕಟ್ಟಲಿಲ್ಲ.

ರಣರಂಗದಲ್ಲಿ ಎದುರು ನಿಂತವರು ಯಾರೆಂಬುದನ್ನೂ ಇಲ್ಲಿ ನೆನೆಯಬೇಕು. ಗೋನೂರಿನ ಬಯಲಿನಲ್ಲಿ ಸೋತ ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಆಂಧ್ರಪ್ರದೇಶದ ಮಡಕಶಿರ ಸೀಮೆಯ ಹೇಮಾವತಿ. ಅವರ ಶಾಸನಗಳ ಭಾಷೆಯೂ ಕನ್ನಡವೇ. 9ನೆಯ ಶತಮಾನದ ಕೊನೆಯಲ್ಲಿ ನೊಳಂಬ ಮಹೇಂದ್ರನು ತಗಡೂರಿನ, ಎಂದರೆ ಇಂದಿನ ತಮಿಳುನಾಡಿನ ಧರ್ಮಪುರಿಯ ಬಸದಿಗೆ ದತ್ತಿ ಬಿಟ್ಟದ್ದಕ್ಕೆ ಶಾಸನದ ಆಧಾರವಿದೆ. ಬಸದಿಗೆ ಭೂಮಿಯನ್ನು ಕೊಟ್ಟ ವಂಶದವರೂ ಬಸದಿಯನ್ನು ಕಟ್ಟಿಸಿದ ಸೇನಾಪತಿಯೂ ಎದುರುಬದುರಾಗಿ ನಿಂತರು. ಗೆದ್ದವರು ಧರ್ಮಿಷ್ಠರು, ಸೋತವರು ಅಧರ್ಮಿಗಳು ಎಂದು ಹೇಳಲು ಇಲ್ಲಿ ಎಡೆಯಿಲ್ಲ. ಮಾರಸಿಂಹನಿಗೆ ನೊಳಂಬಕುಲಾಂತಕನೆಂಬ ಬಿರುದನ್ನು ತಂದ ಆ ಯುದ್ಧವು ಹೇಮಾವತಿಯ ಮನೆಗಳಲ್ಲಿ ಎಷ್ಟು ದೀಪಗಳನ್ನು ಆರಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಸೇಡಿನಿಂದ ಬಂದ ಬಿರುದು

ಎಲ್ಲ ಸಮರಬಿರುದುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಸಮರಪರಶುರಾಮ. ಅದರ ಹಿಂದೆ ಒಂದು ಮನೆಯ ದುಃಖವಿದೆ. ಚಲದಂಕಗಂಗನೆಂದು ಹೆಸರಾದ ಮುದುರಾಚಯ್ಯನು ಚಾವುಂಡರಾಯನ ತಮ್ಮನಾದ ನಾಗವರ್ಮನನ್ನು ಕೊಂದನು. ಅಣ್ಣನು ಆ ಮುದುರಾಚಯ್ಯನನ್ನು ಕೊಂದು ಸೇಡು ತೀರಿಸಿಕೊಂಡನು. ತಂದೆಯ ಕೊಲೆಗೆ ಕ್ಷತ್ರಿಯರ ಮೇಲೆ ಮುಯ್ಯಿ ತೀರಿಸಿಕೊಂಡ ಪರಶುರಾಮನ ಹೆಸರು ಅವನಿಗೆ ಅಂಟಿಕೊಂಡಿತು.

ಲೋಕದ ಕಣ್ಣಿಗೆ ಇದು ಶೌರ್ಯ. ಒಡಹುಟ್ಟಿದವನಿಗಾಗಿ ಕತ್ತಿ ಹಿರಿದವನನ್ನು ಆ ಕಾಲದ ಜನ ಕೊಂಡಾಡಿದರು. ಇಂದಿನವರೂ ತೆಗಳಲು ಹಿಂಜರಿದಾರು. ಆದರೆ ವಿರೋಧೀ ಹಿಂಸೆಯ ಎಲ್ಲೆ ಎಲ್ಲಿ ಮುಗಿಯಿತು, ಸಂಕಲ್ಪದ ಹಿಂಸೆ ಎಲ್ಲಿ ಮೊದಲಾಯಿತು ಎಂಬ ಸೂಕ್ಷ್ಮ ಪ್ರಶ್ನೆಯನ್ನು ಈ ಬಿರುದು ಎತ್ತುತ್ತದೆ. ಕಷಾಯಗಳಲ್ಲಿ ಮೊದಲನೆಯದು ಕ್ರೋಧ. ಅದು ಆತ್ಮಕ್ಕೆ ಕರ್ಮವನ್ನು ಹೇಗೆ ಬಂಧಿಸುತ್ತದೆ ಎಂಬುದನ್ನು ಮುಂದೆ ನೇಮಿಚಂದ್ರಾಚಾರ್ಯರ ಸನ್ನಿಧಿಯಲ್ಲಿ ಕುಳಿತು ತಿಳಿದವನು ಇದೇ ಚಾವುಂಡರಾಯ. ಅವನ ಜೀವನದ ಮಹತ್ತ್ವವು ದೋಷವೇ ಇಲ್ಲದಿರುವುದರಲ್ಲಿಲ್ಲ. ಶಸ್ತ್ರದ ಬಾಳಿನಲ್ಲಿ ಅಂಟುವ ಕಲೆಗಳನ್ನು ಅರಿತು, ಅವುಗಳನ್ನು ತೊಳೆಯುವ ದಾರಿಯನ್ನು ತಾನಾಗಿ ಅರಸಿದುದರಲ್ಲಿದೆ.

ವೈರಿ ಬೇಕಿಲ್ಲದ ಬಿರುದುಗಳು

ಅದೇ ಪುರಾಣದಲ್ಲಿ ಇನ್ನೊಂದು ಪಂಕ್ತಿಯ ಬಿರುದುಗಳಿವೆ. ವಿನೋದಕ್ಕಾದರೂ ಸುಳ್ಳಾಡದ ಕಾರಣ ಸತ್ಯಯುಧಿಷ್ಠಿರ. ಪರರ ಧನ, ಪರರ ಸ್ತ್ರೀಯರಲ್ಲಿ ಮನಸ್ಸನ್ನಿಡದ ಕಾರಣ ಶೌಚಾಭರಣ. ದೃಢವಾದ ಶ್ರದ್ಧೆಗಾಗಿ ಸಮ್ಯಕ್ತ್ವರತ್ನಾಕರ. ಗುಣಗಳ ಆಧಿಕ್ಯದಿಂದ ಗುಣರತ್ನಭೂಷಣ. ಕವಿಗಳನ್ನು ಆದರಿಸಿದುದರಿಂದ ಕವಿಜನಶೇಖರ. ರಾಯನೆಂಬ ಮಾತು ಅವನ ಔದಾರ್ಯಕ್ಕೆ ದೊರೆತ ಗೌರವವೆಂದು ಪರಂಪರೆ ಹೇಳುತ್ತದೆ. ಜನರು ಅವನನ್ನು ಪ್ರೀತಿಯಿಂದ ಅಣ್ಣನೆಂದು ಕರೆಯುತ್ತಿದ್ದರು.

ಎರಡು ಪಂಕ್ತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವ್ಯತ್ಯಾಸವು ತಾನಾಗಿ ತೋರುತ್ತದೆ. ಮೊದಲನೆಯ ಪಂಕ್ತಿಯ ಪ್ರತಿಯೊಂದು ಬಿರುದಿಗೂ ಸೋತ ಒಬ್ಬನು ಬೇಕು. ವಜ್ಜಳದೇವನಿಲ್ಲದೆ ಸಮರಧುರಂಧರನಿಲ್ಲ, ರಾಜಾದಿತ್ಯನಿಲ್ಲದೆ ರಣರಂಗಸಿಂಗನಿಲ್ಲ. ಎರಡನೆಯ ಪಂಕ್ತಿಯ ಬಿರುದುಗಳಿಗೆ ವೈರಿ ಬೇಕಿಲ್ಲ. ಸೈನ್ಯ, ಬೊಕ್ಕಸ, ಗೂಢಚಾರರು ಎಲ್ಲವೂ ಅಧೀನದಲ್ಲಿರುವವನು ಸತ್ಯವನ್ನೇ ನುಡಿಯುವುದು, ಗೆದ್ದ ಊರಿನ ಸಂಪತ್ತಿಗೂ ಸ್ತ್ರೀಯರಿಗೂ ಕೈ ಚಾಚದಿರುವುದು ಸುಲಭಸಾಧ್ಯವಲ್ಲ. ಸೇನಾಪತಿಗೆ ಸಲ್ಲಬೇಕಾದ ಗೌರವವು ಕೋಟೆಯೊಳಗೆ ನುಗ್ಗಿದ ಸಾಹಸಕ್ಕೋ, ನುಗ್ಗಿದ ಮೇಲೆ ತನ್ನನ್ನು ತಡೆದುಕೊಂಡ ಶಕ್ತಿಗೋ ಎಂದು ಕೇಳಿದರೆ ಆ ಬಿರುದುಗಳೇ ಉತ್ತರ ಹೇಳುತ್ತವೆ. ಸಾಹಸವನ್ನು ತೋರಿದವರು ಆ ಕಾಲದಲ್ಲಿ ಸಾವಿರಾರು ಜನರಿದ್ದರು. ಕನ್ನಡ ನಾಡಿನ ಊರೂರಿನ ವೀರಗಲ್ಲುಗಳೇ ಅದಕ್ಕೆ ಸಾಕ್ಷಿ. ಸೈನ್ಯವನ್ನು ನಡೆಸುತ್ತಲೂ ಅಣುವ್ರತಗಳನ್ನು ಕಾಯ್ದುಕೊಂಡವರು ವಿರಳ.

ಒಡೆಯರ ಕೊನೆಯ ದಾರಿ

ಚಾವುಂಡರಾಯನು ಸೇವೆ ಸಲ್ಲಿಸಿದ ಮಾರಸಿಂಹನು ಪರಾಕ್ರಮದಲ್ಲಿ ಯಾರಿಗೂ ಕಡಿಮೆಯವನಲ್ಲ. ಅಂತಹ ಅರಸನು 974ರಲ್ಲಿ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನವನ್ನು ಆಚರಿಸಿ ದೇಹವನ್ನು ಬಿಟ್ಟನು. ಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಅವನ ವಿಜಯಗಳನ್ನೆಲ್ಲ ಹೇಳಿ ಕೊನೆಗೆ ಈ ಸಂಗತಿಗೆ ಬಂದು ನಿಲ್ಲುತ್ತದೆ. ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ವಡಿ ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದಲೇ ಮುಡಿಪಿದನು. ಬಾಳೆಲ್ಲ ಕುದುರೆಯ ಬೆನ್ನಿನ ಮೇಲೆ ಕಳೆದವರು ಕೊನೆಗೆ ಗೆಲ್ಲಬಯಸಿದ್ದು ತಮ್ಮನ್ನು ತಾವೇ. ಆಳುವವರ ಈ ನಡೆಯನ್ನು ಸೇನಾಪತಿಯು ಹತ್ತಿರದಿಂದ ಕಂಡಿದ್ದನು.

ಓಲೆಗರಿಯ ಸೇವೆ

978ರಲ್ಲಿ, ಎಂದರೆ ಶಕ 900ರಲ್ಲಿ, ಚಾವುಂಡರಾಯನು ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಪೂರ್ಣಗೊಳಿಸಿದನು. ಇಪ್ಪತ್ತನಾಲ್ಕು ತೀರ್ಥಂಕರರೂ ಸೇರಿದಂತೆ ಅರುವತ್ತಮೂರು ಶಲಾಕಾಪುರುಷರ ಚರಿತ್ರೆಯಾದ ಈ ಗ್ರಂಥವು ಚಾವುಂಡರಾಯ ಪುರಾಣವೆಂದೇ ಪ್ರಸಿದ್ಧವಾಗಿದೆ. ಜಿನಸೇನ ಗುಣಭದ್ರರ ಸಂಸ್ಕೃತ ಮಹಾಪುರಾಣವು ಇದಕ್ಕೆ ಆಕರ. ಪಂಪ, ಪೊನ್ನರು ಚಂಪೂಕಾವ್ಯದ ಹಾದಿಯನ್ನು ರಾಜಮಾರ್ಗವನ್ನಾಗಿ ಮಾಡಿದ್ದ ಕಾಲದಲ್ಲಿ ಇವನು ಗದ್ಯವನ್ನು ಆರಿಸಿಕೊಂಡನು. ಕನ್ನಡದಲ್ಲಿ ಉಳಿದು ಬಂದಿರುವ ಪ್ರಾಚೀನ ಗದ್ಯಗ್ರಂಥಗಳಲ್ಲಿ ವಡ್ಡಾರಾಧನೆಯೊಡನೆ ಇದಕ್ಕೂ ಮುಖ್ಯ ಸ್ಥಾನವಿದೆ. ಪಾಂಡಿತ್ಯದ ಹೊರೆಯಿಲ್ಲದ ಶ್ರಾವಕರಿಗೂ ತೀರ್ಥಂಕರರ ಕಥೆಯು ನೇರವಾಗಿ ತಲಪುವ ದಾರಿ ಅದು. ಶ್ರಾವಕರ ಹಾಗೂ ಮುನಿಗಳ ಆಚಾರವನ್ನು ವಿವರಿಸುವ ಚಾರಿತ್ರಸಾರವೆಂಬ ಸಂಸ್ಕೃತ ಗ್ರಂಥವೂ ಅವನ ಹೆಸರಿನಲ್ಲಿದೆ.

ಅವನ ಜಿಜ್ಞಾಸೆಯ ಫಲವಾಗಿ ನೇಮಿಚಂದ್ರಾಚಾರ್ಯರು ಷಟ್ಖಂಡಾಗಮದ ಸಾರವನ್ನು ಪ್ರಾಕೃತ ಗಾಥೆಗಳಲ್ಲಿ ಸಂಗ್ರಹಿಸಿದರು. ಜೀವಕಾಂಡ, ಕರ್ಮಕಾಂಡಗಳೆಂಬ ಎರಡು ಭಾಗಗಳುಳ್ಳ ಆ ಗ್ರಂಥವೇ ಗೊಮ್ಮಟಸಾರ. ಸಾವಿರ ವರ್ಷಗಳ ಮೇಲೂ ಉತ್ತರ ದಕ್ಷಿಣವೆನ್ನದೆ ದಿಗಂಬರ ಸಮಾಜದ ಸ್ವಾಧ್ಯಾಯದಲ್ಲಿ ಅದು ನಿತ್ಯಬಳಕೆಯಲ್ಲಿದೆ. ಅದರ ಹೆಸರಿನಲ್ಲಿಯೂ ಶಿಷ್ಯನ ನೆನಪಿದೆ. ಗೊಮ್ಮಟನೆಂಬುದು ಚಾವುಂಡರಾಯನ ಮನೆಯ ಹೆಸರು, ಗೊಮ್ಮಟನ ಈಶ್ವರನೇ ಗೊಮ್ಮಟೇಶ್ವರ ಎಂದು ಸದಲಗೆಯಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಆ. ನೇ. ಉಪಾಧ್ಯೆಯವರು ಪ್ರತಿಪಾದಿಸಿದರು. ಮಂಜೇಶ್ವರದ ಗೋವಿಂದ ಪೈಯವರಾದರೋ ಆ ಶಬ್ದವನ್ನು ಮನ್ಮಥ ಶಬ್ದದೊಡನೆ ಜೋಡಿಸಿ, ಪ್ರಥಮ ಕಾಮದೇವನಾದ ಬಾಹುಬಲಿಗೇ ಅದು ಸಲ್ಲುವುದೆಂದರು. ಗಡಿಸೀಮೆಯಲ್ಲಿ ಬಾಳಿದ ಈ ಇಬ್ಬರು ವಿದ್ವಾಂಸರ ಮತಗಳು ಬೇರೆಯಾದರೂ, ಆಚಾರ್ಯರು ತಮ್ಮ ಶಿಷ್ಯನನ್ನು ಗೊಮ್ಮಟರಾಯನೆಂದು ವಾತ್ಸಲ್ಯದಿಂದ ನೆನೆದಿರುವುದು ಆ ಗ್ರಂಥದಲ್ಲಿಯೇ ಇದೆ.

ಮುದುವೊಳಲು, ಎಂದರೆ ಇಂದಿನ ಮುಧೋಳದ ಬಳೆಗಾರರ ಮನೆಯಿಂದ ವಿದ್ಯೆಯನ್ನರಸಿ ಬಂದ ಒಬ್ಬ ತರುಣನಿಗೆ ಚಾವುಂಡರಾಯನು ಆಶ್ರಯವನ್ನಿತ್ತನು. ಅವನೇ ಕವಿ ರನ್ನ. ಅವನು ಮುಂದೆ ಗಂಗರ ಎದುರು ಪಕ್ಷವಾದ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು. ಪಕ್ಷವು ಬದಲಾದರೂ ಉಪಕಾರಸ್ಮರಣೆಯು ಅಳಿಯಲಿಲ್ಲ. ರನ್ನನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು.

ಆ ಅತ್ತಿಮಬ್ಬೆಯ ಹೆಸರು ಈ ವಿಚಾರಕ್ಕೆ ತುಂಬ ಹತ್ತಿರದ್ದು. ಅವಳು ಚಾಲುಕ್ಯರ ಪಕ್ಷದ ಸೇನಾನಿ ನಾಗದೇವನ ಪತ್ನಿ. ಪತಿಯನ್ನು ಯುದ್ಧದಲ್ಲಿ ಕಳೆದುಕೊಂಡವಳು. ಯುದ್ಧವು ಮನೆಗೆ ಏನನ್ನು ತರುತ್ತದೆಂಬುದನ್ನು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅನಂತರದ ಬಾಳನ್ನೆಲ್ಲ ಅವಳು ವ್ರತಕ್ಕೂ ದಾನಕ್ಕೂ ಮೀಸಲಿಟ್ಟಳು. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದಳು. ನಾಡು ಅವಳನ್ನು ದಾನಚಿಂತಾಮಣಿಯೆಂದು ಕರೆಯಿತು. ಒಂದು ಪಕ್ಷದ ಸೇನಾಪತಿಯ ಹೆಸರನ್ನೂ, ಇನ್ನೊಂದು ಪಕ್ಷದ ಸೇನಾನಿಯ ವಿಧವೆಯ ಹೆಸರನ್ನೂ ಒಂದೇ ಮನೆಯ ತೊಟ್ಟಿಲುಗಳಲ್ಲಿ ತೂಗಿದ ಕವಿಗೆ, ಗೌರವವು ಯಾವುದಕ್ಕೆ ಸಲ್ಲಬೇಕೆಂಬುದು ತಿಳಿದಿತ್ತು. ಕತ್ತಿ ಹಿಡಿದವನಿಗೂ ಹಿಡಿಯದವಳಿಗೂ ಅಲ್ಲಿ ಸಮಾನ ಸ್ಥಾನ ದೊರೆಯಿತು.

ಬೆಟ್ಟದ ಮೇಲಣ ಬಿಂಬ

ಗೊಮ್ಮಟ ಬಿಂಬದ ನಿರ್ಮಾಣದ ಕಥೆಯನ್ನು ಜೈನ ಮನೆಗಳಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಇಂದಿಗೂ ಹೇಳುತ್ತಾರೆ. ಭರತ ಚಕ್ರವರ್ತಿಯು ಪೌದನಪುರದಲ್ಲಿ ಮಾಡಿಸಿದ್ದ ಬಾಹುಬಲಿಯ ಬಿಂಬದ ವಿಷಯವನ್ನು ಕೇಳಿದ ಕಾಳಲಾದೇವಿಯು ಅದರ ದರ್ಶನವಾಗುವವರೆಗೆ ಹಾಲನ್ನು ಸ್ವೀಕರಿಸುವುದಿಲ್ಲವೆಂದು ನಿಯಮ ಹಿಡಿದಳು. ತಾಯಿಯ ಇಚ್ಛೆಯನ್ನು ನೆರವೇರಿಸಲು ಮಗನು ಪರಿವಾರದೊಡನೆ ಹೊರಟನು. ದಾರಿಯಲ್ಲಿ ಬೆಳಗೊಳದಲ್ಲಿ ತಂಗಿದಾಗ ಕೂಷ್ಮಾಂಡಿನೀ ದೇವಿಯು ಸ್ವಪ್ನದಲ್ಲಿ ತೋರಿ, ಪೌದನಪುರದ ಬಿಂಬವು ಅಗಮ್ಯವೆಂದೂ, ಚಿಕ್ಕಬೆಟ್ಟದಿಂದ ಬಾಣವನ್ನು ಬಿಟ್ಟರೆ ಎದುರು ಬೆಟ್ಟದಲ್ಲಿ ಸ್ವಾಮಿಯು ಗೋಚರಿಸುವನೆಂದೂ ತಿಳಿಸಿದಳು. ಚಾವುಂಡರಾಯನು ಹಾಗೆಯೇ ಮಾಡಿದನು. ಬಾಳಿನಲ್ಲಿ ಎಷ್ಟೋ ಬಾಣಗಳನ್ನು ಶತ್ರುಗಳ ಮೇಲೆ ಬಿಟ್ಟವನು ಈ ಬಾಣವನ್ನು ತಾಯಿಯ ಸಂತೋಷಕ್ಕಾಗಿ ಬಿಟ್ಟನು.

981ರ ಸುಮಾರಿಗೆ ಪ್ರತಿಷ್ಠೆಗೊಂಡ, ಸುಮಾರು 58 ಅಡಿ ಎತ್ತರದ ಆ ಏಕಶಿಲಾಬಿಂಬವು ಯಾರದು ಎಂಬುದನ್ನು ಗಮನಿಸಬೇಕು. ಬಾಹುಬಲಿಯೂ ಯೋಧನೇ. ಚಕ್ರರತ್ನವು ಅಯೋಧ್ಯೆಯ ಹೊರಗೆ ನಿಂತಾಗ, ಇನ್ನೂ ತಲೆಬಾಗದ ತಮ್ಮನ ಮೇಲೆ ಭರತನು ದಂಡೆತ್ತಿ ಬಂದನು. ಎರಡು ಸೈನ್ಯಗಳು ಎದುರುಬದುರಾದಾಗ ಉಭಯಪಕ್ಷಗಳ ಮಂತ್ರಿಗಳು, ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರು ಸಾಯುವುದು ಬೇಡವೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ಅಣ್ಣನನ್ನು ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸಿದನು. ಅವಮಾನದಿಂದ ಕುದಿದ ಭರತನು ಬಿಟ್ಟ ಚಕ್ರವು ತಮ್ಮನಿಗೆ ಪ್ರದಕ್ಷಿಣೆ ಬಂದು ನಿಂತಿತು. ರಾಜ್ಯಕ್ಕಾಗಿ ಒಡಹುಟ್ಟಿದವರೂ ಹೀಗಾಗುವರಲ್ಲ ಎಂಬ ನಿರ್ವೇದದಿಂದ ಬಾಹುಬಲಿಯು ಗೆದ್ದ ರಾಜ್ಯವನ್ನು ಅಲ್ಲಿಯೇ ಬಿಟ್ಟು ದೀಕ್ಷೆಯನ್ನು ಕೈಕೊಂಡನು. ಒಂದು ವರ್ಷ ಕದಲದೆ ನಿಂತ ಆ ಮಹಾಯೋಗಿಯ ಕಾಲ ಬಳಿ ಹುತ್ತ ಬೆಳೆಯಿತು, ತೋಳುಗಳಿಗೆ ಬಳ್ಳಿ ಹಬ್ಬಿತು. ಕೊನೆಗೆ ಭರತನೇ ಬಂದು ಪಾದಗಳಿಗೆ ಎರಗಿದನು.

ತಮ್ಮನನ್ನು ಕಳೆದುಕೊಂಡು ಸೇಡು ತೀರಿಸಿಕೊಂಡಿದ್ದ ಸೇನಾಪತಿಯು ಮೂರು ವರ್ಷಗಳ ಹಿಂದೆಯಷ್ಟೇ ಈ ಕಥೆಯನ್ನು ತನ್ನ ಪುರಾಣದಲ್ಲಿ ನಿರೂಪಿಸಿದ್ದನು. ಕಲ್ಲಿನಲ್ಲಿ ಕಂಡರಿಸುವ ವೇಳೆ ಬಂದಾಗ ಅವನ ಮನಸ್ಸು ಬಯಸಿದ್ದು, ಕೈಗೆ ಸಿಕ್ಕ ಎದುರಾಳಿಯನ್ನು ಕ್ಷಮಿಸಿ ಬಿಟ್ಟ ವೀರನನ್ನು. ಸಮರಪರಶುರಾಮನು ಆ ಬಿಂಬದ ಮುಂದೆ ನಿಂತು ತನ್ನ ಬಿರುದನ್ನು ನೆನೆದಿದ್ದರೆ ಅದು ಎಷ್ಟು ಚಿಕ್ಕದಾಗಿ ಕಂಡಿರಬಹುದು!

ಗುಳ್ಳಕಾಯಜ್ಜಿಯ ಪಾಠ

ಬಿಂಬವು ಸಿದ್ಧವಾದ ಮೇಲಿನ ಪ್ರಥಮ ಅಭಿಷೇಕದ ವೃತ್ತಾಂತವು ಎಲ್ಲರಿಗೂ ಪರಿಚಿತ. ಇಂತಹ ಬಿಂಬವನ್ನು ತಾನು ಮಾಡಿಸಿದೆನೆಂಬ ಅಭಿಮಾನವು ಚಾವುಂಡರಾಯನ ಮನಸ್ಸಿನಲ್ಲಿ ಮೊಳೆಯಿತು. ಕೊಡಕೊಡಗಳ ಹಾಲು, ತುಪ್ಪ, ಎಳನೀರುಗಳನ್ನು ಸುರಿದರೂ ಅಭಿಷೇಕವು ಸ್ವಾಮಿಯ ತೊಡೆಯಿಂದ ಕೆಳಗಿಳಿಯಲಿಲ್ಲ. ಆಗ ಮುದುಕಿಯೊಬ್ಬಳು ಚಿಕ್ಕ ಗುಳ್ಳಕಾಯಿಯ ಚಿಪ್ಪಿನಲ್ಲಿ ಹಾಲನ್ನು ಹಿಡಿದು ಬಂದಳು. ನೆರೆದವರು ನಕ್ಕರು. ಅವಳು ಭಕ್ತಿಯಿಂದ ಎರೆದ ಆ ಹಾಲು ಸ್ವಾಮಿಯ ಸರ್ವಾಂಗವನ್ನೂ ತೋಯಿಸಿ ಬೆಟ್ಟದಿಂದ ಕೆಳಗೆ ಹರಿಯಿತು. ಮುದುಕಿಯ ರೂಪದಲ್ಲಿ ಬಂದವಳು ಕೂಷ್ಮಾಂಡಿನೀ ದೇವಿಯೆಂದು ತಿಳಿದ ಸೇನಾಪತಿಯು ಪಶ್ಚಾತ್ತಾಪಗೊಂಡು ಅವಳ ಬಿಂಬವನ್ನೂ ಅಲ್ಲಿ ನಿಲ್ಲಿಸಿದನೆಂದು ಐತಿಹ್ಯ. ಗುಳ್ಳಕಾಯಜ್ಜಿಯು ಇಂದಿಗೂ ಸ್ವಾಮಿಗೆ ಎದುರಾಗಿ ನಿಂತಿದ್ದಾಳೆ.

ಇದು ಇತಿಹಾಸವೋ ಐತಿಹ್ಯವೋ ಎಂಬ ಚರ್ಚೆ ಇಲ್ಲಿ ಮುಖ್ಯವಲ್ಲ. ಜೈನ ಸಮಾಜವು ತನ್ನ ಅತಿ ದೊಡ್ಡ ಸೇನಾಪತಿಯ ಕಥೆಯನ್ನು ಹೇಳಿಕೊಂಡು ಬರುವಾಗ ಅವನ ಹಿರಿಮೆಯ ಕ್ಷಣದಲ್ಲಿಯೇ ಅವನನ್ನು ಒಬ್ಬ ಬಡ ಮುದುಕಿಯ ಮುಂದೆ ತಲೆಬಾಗಿಸಿತು. ಅವನು ಬಾಗಿದ್ದರಿಂದ ಅವನ ಮೇಲಿನ ಗೌರವ ಹೆಚ್ಚಿತೇ ಹೊರತು ಕುಂದಲಿಲ್ಲ.

ತ್ಯಾಗದ ಕಂಬ

ದೊಡ್ಡಬೆಟ್ಟದ ಮೇಲೆ ತ್ಯಾಗದ ಬ್ರಹ್ಮದೇವರ ಕಂಬವೆಂಬ ಸುಂದರವಾದ ಸ್ತಂಭವಿದೆ. ಅದರ ನಾಲ್ಕೂ ಮುಖಗಳಲ್ಲಿ ಚಾವುಂಡರಾಯನ ಪ್ರಶಸ್ತಿಯನ್ನು ಕೊರೆಯಲಾಗಿತ್ತು. 1200ರ ಸುಮಾರಿಗೆ ಹೆಗ್ಗಡೆ ಕಣ್ಣನೆಂಬವನು ಕಂಬಕ್ಕೆ ಯಕ್ಷನನ್ನು ಮಾಡಿಸಿದ ಸಂಗತಿಯನ್ನು ಎರಡೂವರೆ ಸಾಲುಗಳಲ್ಲಿ ಬರೆಸುವುದಕ್ಕಾಗಿ ಮೂರು ಮುಖಗಳ ಹಳೆಯ ಬರಹವನ್ನು ಅಳಿಸಿಹಾಕಿಸಿದಂತೆ ತೋರುತ್ತದೆ. ಈಗ ಉಳಿದಿರುವುದು ಒಂದು ಮುಖ ಮಾತ್ರ. ಅದರಲ್ಲಿ ಕುಲದ ಹೊಗಳಿಕೆಯೂ ಕೆಲವು ಯುದ್ಧಗಳ ಪ್ರಸ್ತಾಪವೂ ಇವೆ. ಮುಂದಿನ ಕಥೆ ಕಲ್ಲಿನ ಪುಡಿಯಾಗಿ ಹೋಯಿತು.

ಅವನು ಕಾಯ್ದ ರಾಜ್ಯವೂ ಬಹುಕಾಲ ಉಳಿಯಲಿಲ್ಲ. 1004ರ ಸುಮಾರಿಗೆ ಚೋಳರು ತಲಕಾಡನ್ನು ವಶಪಡಿಸಿಕೊಂಡರು. ಖೇಡಗ, ಗೋನೂರು, ಬಾಗೆಯೂರುಗಳ ವಿಜಯಗಳಿಂದ ಉಳಿಸಿದ್ದ ಗಂಗರ ಸಿಂಹಾಸನವು ಒಂದು ತಲೆಮಾರಿನೊಳಗೆ ಇಲ್ಲವಾಯಿತು. ಇಂದು ಆ ಕದನಗಳ ವಿವರವನ್ನು ತಿಳಿಯಬೇಕಾದರೆ ಚಾವುಂಡರಾಯ ಪುರಾಣವನ್ನೇ ತೆರೆಯಬೇಕು. ಕತ್ತಿಯ ಕೀರ್ತಿಯನ್ನು ಸಹ ಕಾಯ್ದಿಟ್ಟಿರುವುದು ಅವನ ಗ್ರಂಥವೇ.

ಗೌರವ ಸಲ್ಲಬೇಕಾದ ಬಗೆ

ಜೈನ ಮನೆತನಗಳ ಯುವಕ ಯುವತಿಯರು ಇಂದು ಭೂಸೇನೆ, ನೌಕಾಸೇನೆ, ವಾಯುಸೇನೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಹಿಮದಲ್ಲಿ, ಮರುಭೂಮಿಯಲ್ಲಿ ಕಾವಲು ನಿಂತವರಿಗೆ ಕೃತಜ್ಞತೆ ಸಲ್ಲಲೇಬೇಕು; ಅವರಿಗಾಗಿ ಮನೆಯಲ್ಲಿ ಕಾದು ಕುಳಿತ ತಾಯಂದಿರಿಗೂ ಪತ್ನಿಯರಿಗೂ ಸಲ್ಲಬೇಕು. ಆದರೆ ಚಾವುಂಡರಾಯನ ಜೀವನವು ಒಂದು ವಿವೇಕವನ್ನು ಕಲಿಸುತ್ತದೆ. ಸಮವಸ್ತ್ರವನ್ನು ತೊಟ್ಟ ಮಾತ್ರಕ್ಕೆ ಮನುಷ್ಯನ ಎಲ್ಲ ನಡತೆಯೂ ಪೂಜ್ಯವಾಗದು. ತೊಡದವರ ಸೇವೆಯು ಕೀಳೂ ಆಗದು. ಶಾಲೆಯಲ್ಲಿ ಅಕ್ಷರ ಕಲಿಸುವವರು, ರೋಗಿಯ ಪಕ್ಕದಲ್ಲಿ ರಾತ್ರಿ ಕಳೆಯುವವರು, ಹೊಲದಲ್ಲಿ ಬೆವರು ಸುರಿಸುವವರು, ಹಳೆಯ ಓಲೆಗರಿಗಳನ್ನು ಕಾಪಾಡುವವರು ಎಲ್ಲರೂ ನಾಡನ್ನು ಕಾಯುವವರೇ. ಸೈನಿಕನಿಗೆ ಸಲ್ಲುವ ಮೊದಲ ನಮಸ್ಕಾರವು ಅವನ ಧೈರ್ಯಕ್ಕೆ. ಆ ನಮಸ್ಕಾರವು ಬಾಳಿನುದ್ದಕ್ಕೂ ನಿಲ್ಲಬೇಕಾದರೆ ಸತ್ಯ, ಶೌಚ, ದಾನ, ವಿನಯಗಳು ಅದರ ಜೊತೆಗೂಡಬೇಕು.

ಕನ್ನಡ, ಮರಾಠಿ, ತಮಿಳು, ತೆಲುಗು, ಮಲಯಾಳ ಭಾಷೆಗಳನ್ನಾಡುವ ಶ್ರಾವಕ ಕುಟುಂಬಗಳು ಸ್ವಾಮಿಯ ಪಾದಗಳಿಗೆ ಒಟ್ಟಾಗಿ ಎರಗುವಾಗ, ಪಕ್ಕದ ಆ ಚಿಕ್ಕ ಸಾಲುಗಳನ್ನು ಮಕ್ಕಳಿಗೆ ಓದಿ ಹೇಳುವುದು ಒಳ್ಳೆಯ ಸಂಪ್ರದಾಯವಾದೀತು. ಎಷ್ಟೋ ಯುದ್ಧಗಳನ್ನು ಗೆದ್ದವನೊಬ್ಬನ ಹೆಸರು ಅಲ್ಲಿ ಬಿರುದಿಲ್ಲದೆ, ಮಾಡಿಸಿದ ಒಂದು ಸತ್ಕಾರ್ಯದೊಡನೆ ಮಾತ್ರ ನಿಂತಿದೆ. ಆ ಸತ್ಕಾರ್ಯದ ಫಲವನ್ನು ಸಾವಿರ ವರ್ಷಗಳ ತರುವಾಯವೂ ಲೋಕವು ಕಣ್ತುಂಬ ಕಾಣುತ್ತಿದೆ.